ಖಾಲಿ ಕುರ್ಚಿಗಳ ಮುಂದೆ ಗೆದ್ದ ಪಟ್ಟ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಚಾಂಪಿಯನ್ನರ ಪಟ್ಟಿಯನ್ನು ಯಾರಾದರೂ ಬಾಯಲ್ಲಿ ಒಪ್ಪಿಸುವಾಗ ಕಿವಿಗೊಟ್ಟು ಕೇಳಿ. 2018 ಗೋಲ್ಡನ್ ಸ್ಟೇಟ್, 2019 ಟೊರಾಂಟೊ ಎಂದು ಸರಾಗವಾಗಿ ಬಂದ ಮಾತು 2020ಕ್ಕೆ ಬಂದೊಡನೆ ಎಡವುತ್ತದೆ. ‘ಲೇಕರ್ಸ್, ಆದರೆ ಅದು ಬಬಲ್ ವರ್ಷ’ ಎಂಬ ಬಾಲ ಅಂಟಿಕೊಳ್ಳುತ್ತದೆ. ಕೊರೊನಾ ಕಾಲದಲ್ಲಿ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಆವರಣದೊಳಗೆ ಹೊರಜಗತ್ತಿನ ಸಂಪರ್ಕ ಕಡಿದುಕೊಂಡು ಆಡಿ ಮುಗಿಸಿದ ಋತು ಅದು. ಆ ಪಟ್ಟಕ್ಕೆ ‘ಮಿಕ್ಕಿ ಮೌಸ್ ಉಂಗುರ’ ಎಂದು ಹೆಸರಿಟ್ಟಿದ್ದಾರೆ. ದಾಖಲೆ ಪುಸ್ತಕದಲ್ಲಿ ಆ ವರ್ಷದ ಪಕ್ಕ ಒಂದು ನಕ್ಷತ್ರ ಚಿಹ್ನೆ ಇರಬೇಕು, ಕೆಳಗೆ ‘ಷರತ್ತು ಅನ್ವಯ’ ಎಂದು ಬರೆದಿರಬೇಕು ಎಂಬುದು ಅಮೆರಿಕದ ಟಿವಿ ಚರ್ಚೆಗಳಿಂದ ಹಿಡಿದು ನಮ್ಮ ಬೆಂಗಳೂರಿನ ಕೋರ್ಟುಗಳ ಪಕ್ಕದ ಕಟ್ಟೆಯವರೆಗೆ ಹಬ್ಬಿರುವ ಅಭಿಪ್ರಾಯ.

2023ರ ಕೊನೆಯಲ್ಲಿ ಡ್ಯಾರಿಲ್ ಮೋರಿ ಇದನ್ನು ಬಹಿರಂಗವಾಗಿಯೇ ಹೇಳಿದರು. ಲೀಗಿನಲ್ಲಿ ತಾವು ಖಾಸಗಿಯಾಗಿ ಮಾತಾಡಿಸಿದವರೆಲ್ಲ ಅದನ್ನು ನಿಜವಾದ ಪಟ್ಟವೆಂದು ಒಪ್ಪುವುದಿಲ್ಲ ಎಂಬುದು ಅವರ ಮಾತಿನ ಸಾರ. ತಮ್ಮ ಹ್ಯೂಸ್ಟನ್ ರಾಕೆಟ್ಸ್ ಗೆದ್ದಿದ್ದರೆ ಮಾತ್ರ ಅದನ್ನು ಸಾಚಾ ಪಟ್ಟವೆಂದೇ ಸಂಭ್ರಮಿಸುತ್ತಿದ್ದೆ ಎಂದೂ ಅವರು ಅದರ ಜೊತೆಗೇ ಸೇರಿಸಿದರು. 2020ರಲ್ಲಿ ಮೋರಿ ರಾಕೆಟ್ಸ್ ತಂಡದ ಜನರಲ್ ಮ್ಯಾನೇಜರ್. ಆ ತಂಡವನ್ನು ಎರಡನೇ ಸುತ್ತಿನಲ್ಲಿ 4-1ರಿಂದ ಮನೆಗೆ ಕಳಿಸಿದ್ದು ಇದೇ ಲೇಕರ್ಸ್. ಗೆದ್ದವರು ಯಾರು ಎಂಬುದರ ಮೇಲೆ ಪಟ್ಟದ ಸಾಚಾತನ ನಿರ್ಧಾರವಾಗುತ್ತದೆ ಎಂದಾದರೆ ತಕರಾರು ಬಬಲ್ ಬಗ್ಗೆ ಇಲ್ಲ, ಲೇಕರ್ಸ್ ಬಗ್ಗೆ ಇದೆ. ಅದನ್ನು ನೇರವಾಗಿ ಹೇಳಿಬಿಟ್ಟರೆ ಜಗಳವೇ ಇರುತ್ತಿರಲಿಲ್ಲ. ತಂಡವೊಂದನ್ನು ಇಷ್ಟಪಡದಿರಲು ಎಲ್ಲರಿಗೂ ಹಕ್ಕಿದೆ. ಆದರೆ ಆ ಸಿಟ್ಟಿಗೆ ನ್ಯಾಯದ ಬಟ್ಟೆ ತೊಡಿಸಿ ಒಂದಿಡೀ ಋತುವನ್ನೇ ಎರಡನೇ ದರ್ಜೆಗೆ ತಳ್ಳುವುದನ್ನು ನಾನು ಒಪ್ಪುವುದಿಲ್ಲ.

ಮೊದಲ ತಪ್ಪು ಇರುವುದು ಬಬಲ್ ಎಂದರೆ ಇಡೀ ಋತು ಎಂದುಕೊಳ್ಳುವುದರಲ್ಲಿ. 2019-20ರ ಋತು ಶುರುವಾದದ್ದು ಜನರಿಂದ ಕಿಕ್ಕಿರಿದ ಕ್ರೀಡಾಂಗಣಗಳಲ್ಲಿ. ಭಾರತೀಯರಾದ ನಾವಂತೂ ಅದನ್ನು ಮರೆಯಬಾರದು, ಏಕೆಂದರೆ ಅದರ ಮುನ್ನುಡಿ ಬರೆದದ್ದೇ ನಮ್ಮ ನೆಲದಲ್ಲಿ. 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈ ವರಳಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಎರಡು ಪ್ರದರ್ಶನ ಪಂದ್ಯಗಳನ್ನು ಆಡಿದವು. ಎನ್‌ಬಿಎ ತಂಡಗಳು ಭಾರತದಲ್ಲಿ ಆಡಿದ್ದು ಅದೇ ಮೊದಲು. ಮೊದಲ ದಿನ ಪೇಸರ್ಸ್ ಹೆಚ್ಚುವರಿ ಅವಧಿಯಲ್ಲಿ 132-131ರಿಂದ ಗೆದ್ದಿತು. ಅಕ್ಟೋಬರ್ 22ಕ್ಕೆ ಅಮೆರಿಕದಲ್ಲಿ ಲೀಗ್ ಆರಂಭವಾಯಿತು.

ಅಲ್ಲಿಂದ ಮಾರ್ಚ್ ಎರಡನೇ ವಾರದವರೆಗೆ ಲೇಕರ್ಸ್ 63 ಪಂದ್ಯ ಆಡಿ 49ನ್ನು ಗೆದ್ದಿತ್ತು. ಆ 63 ಪಂದ್ಯಗಳಲ್ಲಿ ವಿಮಾನ ಪ್ರಯಾಣವಿತ್ತು, ಎದುರಾಳಿ ಊರಿನ ಕೂಗಾಟವಿತ್ತು, ಜನವರಿ 26ರಂದು ಹೆಲಿಕಾಪ್ಟರ್ ದುರಂತದಲ್ಲಿ ತಂಡದ ಹಿಂದಿನ ತಾರೆ ಕೋಬಿ ಬ್ರಯಂಟ್ ತೀರಿಕೊಂಡ ಆಘಾತವೂ ಇತ್ತು. ಮಾರ್ಚ್ 6ರಂದು ಲೇಕರ್ಸ್ ಆ ಋತುವಿನಲ್ಲಿ ಅತಿ ಹೆಚ್ಚು ಗೆಲುವು ಕಂಡಿದ್ದ ಮಿಲ್ವಾಕಿ ಬಕ್ಸ್ ತಂಡವನ್ನು 113-103ರಿಂದ ಸೋಲಿಸಿತು. ಎರಡು ದಿನ ಬಿಟ್ಟು, ಪಟ್ಟಕ್ಕೆ ಎಲ್ಲರೂ ಮುಂದಿಟ್ಟಿದ್ದ ಕ್ಲಿಪರ್ಸ್ ತಂಡವನ್ನು 112-103ರಿಂದ. ಆ ಎರಡು ಪಂದ್ಯ ನೋಡಿದವರಿಗೆ ಆ ವರ್ಷದ ಶ್ರೇಷ್ಠ ತಂಡ ಯಾವುದು ಎಂಬ ಅಂದಾಜು ಸಿಕ್ಕಿತ್ತು. ಬಬಲ್ ಆಗ ಯಾರ ಕನಸಿನಲ್ಲೂ ಇರಲಿಲ್ಲ. ಮುಂದೆ 2020ರ ಅಕ್ಟೋಬರ್‌ನಲ್ಲಿ ಪಟ್ಟ ಗೆದ್ದದ್ದು ಮಾರ್ಚ್‌ನಲ್ಲಿ ಮುಂದಿದ್ದ ತಂಡವೇ. ಎಲ್ಲಿಂದಲೋ ಬಂದ ಅನಾಮಿಕರು ಲಾಟರಿ ಹೊಡೆದುಕೊಂಡು ಹೋಗಲಿಲ್ಲ.

ಮಾರ್ಚ್ 11ರಂದು ಒಕ್ಲಹೋಮ ಸಿಟಿಯಲ್ಲಿ ಆಟಗಾರರು ಅಂಗಣಕ್ಕೆ ಬಂದಾಗಿತ್ತು, ಚೆಂಡು ಮೇಲಕ್ಕೆ ಹಾರುವುದಷ್ಟೇ ಬಾಕಿ. ಯೂಟಾ ಜಾಝ್‌ನ ರೂಡಿ ಗೋಬೆರ್‌ಗೆ ಸೋಂಕು ತಗುಲಿರುವ ಸುದ್ದಿ ಬಂತು, ಪಂದ್ಯ ನಿಂತಿತು. ಅದೇ ರಾತ್ರಿ ಲೀಗನ್ನೂ ಅಮಾನತಿನಲ್ಲಿಟ್ಟರು. ಮತ್ತೆ ಶುರುವಾದದ್ದು ಜುಲೈ 30ಕ್ಕೆ, ಒರ್ಲ್ಯಾಂಡೊ ಬಳಿಯ ಆ ಆವರಣದಲ್ಲಿ, 30ರ ಪೈಕಿ 22 ತಂಡಗಳೊಂದಿಗೆ. ಎಂಟೆಂಟು ಲೀಗ್ ಪಂದ್ಯ, ನಂತರ ಎಂದಿನಂತೆ ನಾಲ್ಕು ಸುತ್ತಿನ ಪ್ಲೇಆಫ್, ಪ್ರತಿ ಸುತ್ತೂ ಏಳು ಪಂದ್ಯಗಳದ್ದು. ಈ ‘ಎಂದಿನಂತೆ’ಯನ್ನು ಟೀಕಾಕಾರರು ಸದಾ ನುಂಗಿಬಿಡುತ್ತಾರೆ. ಪ್ಲೇಆಫ್‌ನಿಂದ ಒಂದು ಸುತ್ತನ್ನಾಗಲಿ ಒಂದು ಪಂದ್ಯವನ್ನಾಗಲಿ ಯಾರೂ ಕತ್ತರಿಸಲಿಲ್ಲ. ಪಟ್ಟ ಬೇಕೆಂದರೆ 16 ಗೆಲುವು ಬೇಕು ಎಂಬ ನಿಯಮ 2020ರಲ್ಲೂ ಹಾಗೇ ಇತ್ತು. ಲೇಕರ್ಸ್ ಆ 16 ಗೆಲುವನ್ನು 21 ಪಂದ್ಯಗಳಲ್ಲಿ ಪಡೆಯಿತು: ಪೋರ್ಟ್‌ಲ್ಯಾಂಡ್, ಹ್ಯೂಸ್ಟನ್, ಡೆನ್ವರ್ ತಂಡಗಳನ್ನು 4-1ರಿಂದ, ಫೈನಲ್ಸ್‌ನಲ್ಲಿ ಮಯಾಮಿ ಹೀಟ್ ತಂಡವನ್ನು 4-2ರಿಂದ ಸೋಲಿಸಿ.

ಇನ್ನು ಟೀಕಾಕಾರರು ಹೆಚ್ಚಾಗಿ ನೆಚ್ಚಿಕೊಂಡಿರುವ ವಾದಕ್ಕೆ ಬರುತ್ತೇನೆ. ಪ್ರೇಕ್ಷಕರಿರಲಿಲ್ಲ, ಪ್ರಯಾಣವಿರಲಿಲ್ಲ, ಆದ್ದರಿಂದ ಗೆಲುವು ಸುಲಭವಾಯಿತು ಎನ್ನುತ್ತಾರೆ. ಯಾರಿಗೆ ಸುಲಭವಾಯಿತು? ತವರು ಅಂಗಣದ ಅನುಕೂಲ ಎಂಬುದು ಲೀಗ್ ಹಂತದಲ್ಲಿ ಹೆಚ್ಚು ಗೆದ್ದ ತಂಡಕ್ಕೆ ಸಿಗುವ ಬಹುಮಾನ. ಏಳು ಪಂದ್ಯಗಳ ಸರಣಿಯಲ್ಲಿ ನಾಲ್ಕು ತನ್ನೂರಿನಲ್ಲಿ, ಏಳನೆಯದಂತೂ ಖಂಡಿತವಾಗಿ ತನ್ನೂರಿನಲ್ಲಿ. ಲೇಕರ್ಸ್ ಪಶ್ಚಿಮ ವಿಭಾಗದಲ್ಲಿ ಅಗ್ರಸ್ಥಾನ ಗಳಿಸಿತ್ತು, ಫೈನಲ್ಸ್‌ನಲ್ಲಿ ಎದುರಾದ ಮಯಾಮಿ ಪೂರ್ವದಲ್ಲಿ ಐದನೇ ಶ್ರೇಯಾಂಕದ ತಂಡ. ಮಾಮೂಲಿ ವರ್ಷವಾಗಿದ್ದರೆ ನಾಲ್ಕೂ ಸುತ್ತಿನಲ್ಲಿ ಲಾಸ್ ಏಂಜಲೀಸ್‌ನ ಜನಸಾಗರ ಅವರ ಬೆನ್ನಿಗಿರುತ್ತಿತ್ತು. 63 ಪಂದ್ಯಗಳಲ್ಲಿ ಬೆವರು ಸುರಿಸಿ ಗಳಿಸಿದ ಆ ಬಹುಮಾನವನ್ನು ಬಬಲ್ ಅವರಿಂದ ಕಿತ್ತುಕೊಂಡಿತು, ಎದುರಾಳಿಗಳಿಗೆ ಪುಕ್ಕಟೆಯಾಗಿ ಸಮಬಲ ಕೊಟ್ಟಿತು. ಅಷ್ಟಾದ ಮೇಲೂ ಅವರು ಒಂದು ಸರಣಿಯನ್ನೂ ಏಳನೇ ಪಂದ್ಯದವರೆಗೆ ಹೋಗಗೊಡಲಿಲ್ಲ. ಆ ವರ್ಷ ನಕ್ಷತ್ರ ಚಿಹ್ನೆ ಬೇಕೇ ಬೇಕೆಂದರೆ ಅದು ಗೆದ್ದವರ ಪರವಾಗಿ ಇರಬೇಕು.

ತಟಸ್ಥ ಅಂಗಣದಲ್ಲಿ ಎಲ್ಲರಿಗೂ ಒಂದೇ ನೆಲ, ಒಂದೇ ಬುಟ್ಟಿ, ಒಂದೇ ಗಾಳಿ. ಡೆನ್ವರ್ ನಗೆಟ್ಸ್ ತಂಡವನ್ನು ನೋಡಿ. ಸಮುದ್ರ ಮಟ್ಟದಿಂದ ಸಾವಿರದ ಆರುನೂರು ಮೀಟರ್ ಎತ್ತರದ ತಮ್ಮ ಊರಿನಲ್ಲಿ ಅವರು ಗೆದ್ದಾಗಲೆಲ್ಲ, ತೆಳುಗಾಳಿಯಲ್ಲಿ ಎದುರಾಳಿಗಳಿಗೆ ಉಸಿರು ಕಟ್ಟುತ್ತದೆ, ಇದರಲ್ಲೇನು ಹೆಚ್ಚುಗಾರಿಕೆ ಎನ್ನುವ ಮಾತು ಬರುತ್ತಿತ್ತು. ಬಬಲ್‌ನಲ್ಲಿ ಆ ಎತ್ತರ ಇರಲಿಲ್ಲ. ಮೊದಲ ಸುತ್ತಿನಲ್ಲಿ ಯೂಟಾ ವಿರುದ್ಧ 1-3ರಿಂದ ಹಿಂದೆ ಬಿದ್ದ ನಗೆಟ್ಸ್ ಸತತ ಮೂರು ಪಂದ್ಯ ಗೆದ್ದು ದಾಟಿತು. ಎರಡನೇ ಸುತ್ತಿನಲ್ಲಿ ಕ್ಲಿಪರ್ಸ್ ವಿರುದ್ಧ ಮತ್ತೆ 1-3, ಮತ್ತೆ ಮೂರು ಗೆಲುವು. ಒಂದೇ ಪ್ಲೇಆಫ್‌ನಲ್ಲಿ ಎರಡು ಸಲ ಹೀಗೆ ಮೇಲೆದ್ದ ತಂಡ ಎನ್‌ಬಿಎಯಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಯೂಟಾ ಸರಣಿಯಲ್ಲಿ ನಗೆಟ್ಸ್‌ನ ಜಮಾಲ್ ಮರ್ರಿ ಎರಡು ಬಾರಿ 50 ಅಂಕ ಹೊಡೆದರೆ, ಎದುರಿಗೆ ಡಾನವನ್ ಮಿಚೆಲ್ ಒಮ್ಮೆ 57, ಇನ್ನೊಮ್ಮೆ 51. ಹುರಿದುಂಬಿಸಲು ಒಬ್ಬ ಪ್ರೇಕ್ಷಕನೂ ಇಲ್ಲದೆ ಇಬ್ಬರು ಹುಡುಗರು ಅಷ್ಟು ಎತ್ತರಕ್ಕೆ ಏರಿದ್ದರು. ಖಾಲಿ ಸಭಾಂಗಣದಲ್ಲಿ ಬುಟ್ಟಿಗೆ ಗುರಿಯಿಡುವುದು ಸಲೀಸು ಎಂಬ ಉತ್ತರ ಇದಕ್ಕೆ ಸಿದ್ಧವಾಗಿದೆ. ಸಲೀಸಾಗಿದ್ದರೆ ಇಬ್ಬರಿಗೂ ಅಷ್ಟೇ ಸಲೀಸು, ಅಲ್ಲಿಗೆ ಆ ಮಾತು ಮುಗಿಯಿತು.

ವಿಶ್ರಾಂತಿಯ ವಾದವೂ ಇಷ್ಟೇ ಟೊಳ್ಳು. ನಾಲ್ಕೂವರೆ ತಿಂಗಳ ಬಿಡುವು ಸಿಕ್ಕಿದ್ದರಿಂದ ಲೇಕರ್ಸ್‌ನ 35 ವರ್ಷದ ಲೆಬ್ರಾನ್ ಜೇಮ್ಸ್‌ಗೆ ಕಾಲು ಹಗುರಾಯಿತಂತೆ. ಬಿಡುವು ಸಿಕ್ಕಿದ್ದು ಲೆಬ್ರಾನ್ ಒಬ್ಬರಿಗಲ್ಲ. ಅದರಿಂದ ಎಲ್ಲರಿಗಿಂತ ಹೆಚ್ಚು ಲಾಭವಾಗಬೇಕಿದ್ದದ್ದು ಕ್ಲಿಪರ್ಸ್‌ಗೆ. ಅವರ ಮುಖ್ಯ ಆಟಗಾರ ಕವಾಯ್ ಲೆನರ್ಡ್ ಮೊಣಕಾಲು ಕಾಪಾಡಿಕೊಳ್ಳಲು ಲೀಗ್ ಪಂದ್ಯಗಳನ್ನು ಆಗಾಗ ಬಿಡುತ್ತಿದ್ದವರು, ಜೊತೆಗಾರ ಪಾಲ್ ಜಾರ್ಜ್ ಭುಜದ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರು. ಇಬ್ಬರೂ ಚೇತರಿಸಿಕೊಂಡೇ ಬಂದರು. ಡೆನ್ವರ್ ವಿರುದ್ಧದ ಕೊನೆಯ ಮೂರು ಪಂದ್ಯಗಳಲ್ಲೂ ಕ್ಲಿಪರ್ಸ್ ಹತ್ತಕ್ಕೂ ಹೆಚ್ಚು ಅಂಕಗಳ ಮುನ್ನಡೆ ಪಡೆದು ಕೈಚೆಲ್ಲಿತು. ಏಳನೇ ಪಂದ್ಯದಲ್ಲಿ ಲೆನರ್ಡ್ 14, ಜಾರ್ಜ್ 10 ಅಂಕ. 104-89ರ ಆ ಸೋಲಿಗೆ ಬಬಲ್ ಕಾರಣವಲ್ಲ. ಕೊನೆಯ ಹನ್ನೆರಡು ನಿಮಿಷದಲ್ಲಿ ಚೆಂಡು ಬುಟ್ಟಿಗೆ ಬೀಳಲಿಲ್ಲ, ಅಷ್ಟೇ.

ಪ್ರಬಲ ಎದುರಾಳಿಗಳು ಗಾಯಗೊಂಡು ಹೊರಗಿದ್ದರು ಎನ್ನುವವರೂ ಇದ್ದಾರೆ. ಗೋಲ್ಡನ್ ಸ್ಟೇಟ್ ಆ ವರ್ಷ 15 ಗೆದ್ದು 50 ಸೋತಿತ್ತು, ಅದೂ ಸೋಂಕು ಬರುವುದಕ್ಕೆ ಮೊದಲೇ. ಬ್ರೂಕ್ಲಿನ್‌ನ ಕೆವಿನ್ ಡುರಾಂಟ್ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಇದರಲ್ಲಿ ಬಬಲ್‌ನ ಪಾತ್ರವೇನು? 2015ರಲ್ಲಿ ಕ್ಲೀವ್‌ಲ್ಯಾಂಡ್‌ನ ಕೆವಿನ್ ಲವ್ ಫೈನಲ್ಸ್‌ಗೆ ಮುಂಚೆಯೇ ಹೊರಬಿದ್ದಿದ್ದರು, ಕೈರಿ ಅರ್ವಿಂಗ್ ಮೊದಲ ಪಂದ್ಯದಲ್ಲೇ ಮಂಡಿ ಮುರಿದುಕೊಂಡರು, ಗೋಲ್ಡನ್ ಸ್ಟೇಟ್ ಗೆದ್ದಿತು. 2019ರಲ್ಲಿ ಅದೇ ಗೋಲ್ಡನ್ ಸ್ಟೇಟ್‌ನಲ್ಲಿ ಆಗ ಆಡುತ್ತಿದ್ದ ಡುರಾಂಟ್ ಮತ್ತು ಕ್ಲೇ ಥಾಂಪ್ಸನ್ ಇಬ್ಬರೂ ಫೈನಲ್ಸ್ ನಡುವೆಯೇ ಕುಸಿದರು, ಟೊರಾಂಟೊ ಗೆದ್ದಿತು. ಆ ಪಟ್ಟಗಳಿಗೆ ಯಾರೂ ಚಿಹ್ನೆ ಅಂಟಿಸಲಿಲ್ಲ, ಅಂಟಿಸಲೂಬಾರದು. ಗಾಯ ಆಟದ ಭಾಗ ಎಂದು ಉಳಿದೆಲ್ಲ ವರ್ಷ ಒಪ್ಪಿಕೊಂಡು 2020ರಲ್ಲಿ ಮಾತ್ರ ಅದನ್ನು ಗೆದ್ದವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇತಿಹಾಸವನ್ನೇ ಕೆದಕಬೇಕೆಂದರೆ ಪೂರ್ತಿ ಕೆದಕೋಣ. ಬಾಸ್ಟನ್ ಸೆಲ್ಟಿಕ್ಸ್ 1957ರಿಂದ 1965ರೊಳಗೆ ಎಂಟು ಪಟ್ಟ ಗೆದ್ದಿತು. ಆಗ ಲೀಗಿನಲ್ಲಿದ್ದದ್ದು ಎಂಟು ಅಥವಾ ಒಂಬತ್ತು ತಂಡ. ತನ್ನ ವಿಭಾಗದಲ್ಲಿ ಅಗ್ರಸ್ಥಾನ ಪಡೆದ ತಂಡ ಮೊದಲ ಸುತ್ತು ಆಡಬೇಕಿರಲಿಲ್ಲ. ಆ ಎಂಟೂ ಪಟ್ಟಗಳನ್ನು ಬಾಸ್ಟನ್ ಎರಡೆರಡೇ ಸರಣಿ ಗೆದ್ದು ಪಡೆಯಿತು. ಆ ತಂಡದ ತಾರೆ ಬಿಲ್ ರಸೆಲ್ ಅವರ ಹಿರಿಮೆಗೆ ಇದರಿಂದ ಕೂದಲೆಳೆಯಷ್ಟೂ ಕುಂದಿಲ್ಲ, ಅವರ ಕಾಲ ಕೇಳಿದ್ದನ್ನು ಅವರು ಕೊಟ್ಟರು. 1999ರಲ್ಲಿ ಮಾಲೀಕರು ಮತ್ತು ಆಟಗಾರರ ಜಗಳದಿಂದ ಋತು 50 ಪಂದ್ಯಕ್ಕೆ ಇಳಿಯಿತು, ಸ್ಯಾನ್ ಆಂಟೋನಿಯೊ ಸ್ಪರ್ಸ್ ಗೆದ್ದಿತು. ಆಗಲೂ ತರಬೇತುದಾರ ಫಿಲ್ ಜಾಕ್ಸನ್ ಇದೇ ನಕ್ಷತ್ರ ಚಿಹ್ನೆಯ ಮಾತೆತ್ತಿ ಚುಚ್ಚಿದ್ದರು. ಅದೇ ಸ್ಪರ್ಸ್ ಮುಂದೆ 2003, 2005, 2007, 2014ರಲ್ಲಿ ಮತ್ತೆ ನಾಲ್ಕು ಪಟ್ಟ ಗೆದ್ದ ಮೇಲೆ ಆ ಚುಚ್ಚುಮಾತು ತಾನಾಗಿ ಉದುರಿಹೋಯಿತು. 2012ರಲ್ಲಿ ಇಂಥದೇ ಜಗಳದಿಂದ ಲೀಗ್ ಹಂತ 66 ಪಂದ್ಯಕ್ಕೆ ಇಳಿದಿತ್ತು. ಆ ವರ್ಷ ಮಯಾಮಿ ಗೆದ್ದ ಪಟ್ಟದ ಬಗ್ಗೆ ಯಾರಾದರೂ ತಕರಾರು ತೆಗೆದದ್ದನ್ನು ನಾನು ಕೇಳಿಲ್ಲ. 2020ರಲ್ಲಿ ಲೇಕರ್ಸ್ ಲೀಗ್ ಹಂತದಲ್ಲಿ 71 ಪಂದ್ಯ ಆಡಿತ್ತು, 52 ಗೆದ್ದಿತ್ತು. 66ಕ್ಕೆ ಇಲ್ಲದ ಕೊರತೆ 71ಕ್ಕೆ ಎಲ್ಲಿಂದ ಬಂತು?

ನಮ್ಮಲ್ಲಿ ಇದೇ ಮಾತಾಡುವವರಿಗೆ ಹತ್ತಿರದ ಒಂದು ಉದಾಹರಣೆ ಸಾಕು. ಅದೇ 2020ರ ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ಐಪಿಎಲ್ ನಡೆದದ್ದು ಅರಬ್ ಸಂಯುಕ್ತ ಸಂಸ್ಥಾನದ ಮೂರು ಊರುಗಳಲ್ಲಿ. ಅಲ್ಲೂ ಜೈವಿಕ ಸುರಕ್ಷತಾ ವಲಯ, ಖಾಲಿ ಗ್ಯಾಲರಿ, ಧ್ವನಿವರ್ಧಕದಿಂದ ಹೊರಟ ಕೃತಕ ಕೂಗು. ಯಾವ ತಂಡಕ್ಕೂ ತವರು ಅಂಗಳ ಇರಲಿಲ್ಲ. ಮುಂಬೈ ಇಂಡಿಯನ್ಸ್ ಗೆದ್ದಿತು, ಅದನ್ನು ಅವರ ಐದನೇ ಪಟ್ಟ ಎಂದು ಎಲ್ಲರೂ ಎಣಿಸುತ್ತಾರೆ, ನಾಲ್ಕೂವರೆ ಎಂದು ಯಾರೂ ಎಣಿಸುವುದಿಲ್ಲ. ನಮ್ಮ ಕೆ.ಎಲ್. ರಾಹುಲ್ ಆ ಟೂರ್ನಿಯಲ್ಲಿ 670 ರನ್ ಹೊಡೆದು ಆರೆಂಜ್ ಕ್ಯಾಪ್ ಪಡೆದರು. ದುಬೈನಲ್ಲಿ ಬೆಂಗಳೂರು ತಂಡದ ವಿರುದ್ಧವೇ ಅಜೇಯ 132 ಹೊಡೆದರು. ಚಿನ್ನಸ್ವಾಮಿಯ ಗದ್ದಲ ಇರಲಿಲ್ಲವಾದ್ದರಿಂದ ಆ 132ಕ್ಕೆ ಬೆಲೆ ಕಡಿಮೆ ಎಂದು ಕರ್ನಾಟಕದಲ್ಲಿ ಯಾರಾದರೂ ಹೇಳಿದ್ದುಂಟೆ? ಆ ರನ್ನುಗಳನ್ನು ಪೂರ್ತಿ ಒಪ್ಪಿಕೊಂಡವರು ಅದೇ ವರ್ಷದ ಬ್ಯಾಸ್ಕೆಟ್‌ಬಾಲ್ ಪಟ್ಟವನ್ನು ಅರ್ಧ ಮಾತ್ರ ಒಪ್ಪುವುದು ಹೇಗೆಂದು ನನಗೆ ಅರ್ಥವಾಗುವುದಿಲ್ಲ.

ಬಬಲ್‌ನ ಫಲಿತಾಂಶಗಳು ಆಕಸ್ಮಿಕ, ಮಾಮೂಲಿ ವರ್ಷದಲ್ಲಿ ಹಾಗಾಗುತ್ತಿರಲಿಲ್ಲ ಎಂಬ ಮಾತನ್ನು ಕಾಲವೇ ಸುಳ್ಳು ಮಾಡಿದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2020ರಲ್ಲಿ ಕೊನೆಯ ನಾಲ್ಕರ ಘಟ್ಟಕ್ಕೆ ಬಂದವು ಲೇಕರ್ಸ್, ಡೆನ್ವರ್, ಮಯಾಮಿ, ಬಾಸ್ಟನ್. ಆಗ ಬರೆದವರೆಲ್ಲ ಹುಬ್ಬೇರಿಸಿದರು. ಡೆನ್ವರ್ ಅಲ್ಲಿ ಹೇಗೆ, ಐದನೇ ಶ್ರೇಯಾಂಕದ ಮಯಾಮಿ ಫೈನಲ್ಸ್‌ಗೆ ಹೇಗೆ ಎಂದು ಕೇಳಿ, ಎಲ್ಲಕ್ಕೂ ಬಬಲ್ ಎಂಬ ಒಂದೇ ಉತ್ತರ ಕೊಟ್ಟುಕೊಂಡರು. ಮರುವರ್ಷ ಮಯಾಮಿ ಮೊದಲ ಸುತ್ತಿನಲ್ಲೇ ಮಿಲ್ವಾಕಿ ಎದುರು 0-4ರಿಂದ ಸೋತಾಗ ನೋಡಿದಿರಾ ಎಂದು ಬೀಗಿದರು. ಆಮೇಲೆ 2023 ಬಂತು. ತುಂಬಿದ ಕ್ರೀಡಾಂಗಣ, ಪೂರ್ತಿ 82 ಪಂದ್ಯಗಳ ಋತು, ಎಂದಿನ ಪ್ರಯಾಣ. ಕೊನೆಯ ನಾಲ್ಕಕ್ಕೆ ಬಂದ ತಂಡಗಳು ಲೇಕರ್ಸ್, ಡೆನ್ವರ್, ಮಯಾಮಿ, ಬಾಸ್ಟನ್. ಪಶ್ಚಿಮದಲ್ಲಿ ಅದೇ ಜೋಡಿ, ಪೂರ್ವದಲ್ಲಿ ಅದೇ ಜೋಡಿ. ಈ ಸಲ ಎಂಟನೇ ಶ್ರೇಯಾಂಕದಿಂದ ಹೊರಟ ಮಯಾಮಿ ಮತ್ತೆ ಫೈನಲ್ಸ್ ತಲುಪಿತು. ಬಬಲ್‌ನ ಕೂಸು ಎನಿಸಿಕೊಂಡಿದ್ದ ಮರ್ರಿ ಮತ್ತು ನಿಕೊಲಾ ಯೊಕಿಚ್ ಡೆನ್ವರ್‌ಗೆ ಅದರ ಮೊದಲ ಪಟ್ಟ ತಂದುಕೊಟ್ಟರು. ಮರುವರ್ಷ ಬಾಸ್ಟನ್ ಗೆದ್ದಿತು, 2020ರಲ್ಲಿ ಎಳೆಯರಾಗಿದ್ದ ಜೇಸನ್ ಟೇಟಮ್ ಮತ್ತು ಜೇಲನ್ ಬ್ರೌನ್ ಅವರ ಮುಂದಾಳತ್ವದಲ್ಲೇ. ಬಬಲ್ ಕೊನೆಗೆ ಉಳಿಸಿಕೊಂಡ ನಾಲ್ಕು ತಂಡಗಳಲ್ಲಿ ಮೂರು 2024ರೊಳಗೆ ಪಟ್ಟವೇರಿದ್ದವು, ನಾಲ್ಕನೆಯದು ಇನ್ನೊಂದು ಫೈನಲ್ಸ್ ಆಡಿತ್ತು. ಡಿಸ್ನಿ ಆವರಣದ ಆ ಮೂರು ತಿಂಗಳು ಲೀಗಿನ ಮುಂದಿನ ನಾಲ್ಕು ವರ್ಷದ ಚಿತ್ರವನ್ನು ಬೇರೆ ಯಾರಿಗಿಂತಲೂ ಮೊದಲು ತೋರಿಸಿಕೊಟ್ಟವು. ಆಕಸ್ಮಿಕದ ಮಾತಾಡಿದವರು 2023ರ ಮೇ ತಿಂಗಳಲ್ಲಾದರೂ ತಮ್ಮ ಮಾತು ಹಿಂತೆಗೆದುಕೊಳ್ಳಬೇಕಿತ್ತು. ಆದರೆ ವರ್ಷ ಮುಗಿಯುವುದರೊಳಗೆ ಮೋರಿಯವರ ಆ ಹೇಳಿಕೆ ಬಂತು.

ಸುಲಭವಾಗಿತ್ತು ಎನ್ನುವವರು ಆ ಬದುಕನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ. ಬಂದಿಳಿದೊಡನೆ ಹೋಟೆಲ್ ಕೋಣೆಯಲ್ಲಿ ಒಂಟಿಯಾಗಿ ಪ್ರತ್ಯೇಕವಾಸ, ಆಮೇಲೆ ದಿನಾ ಸೋಂಕು ಪರೀಕ್ಷೆ. ಮುಂಬೈಗೆ ಬಂದಿದ್ದ ಅದೇ ಸ್ಯಾಕ್ರಮೆಂಟೊ ತಂಡದ ಆಟಗಾರರೊಬ್ಬರು ಹೊರಗಿನಿಂದ ತರಿಸಿದ ಊಟ ತೆಗೆದುಕೊಳ್ಳಲು ಗಡಿಗೆರೆ ದಾಟಿದ್ದಕ್ಕೆ ಮತ್ತೆ ದಿನಗಟ್ಟಲೆ ಕೋಣೆಯೊಳಗೆ ಕೂರಬೇಕಾಯಿತು. ಹೆಂಡತಿ ಮಕ್ಕಳು ಒಳಬರಲು ಅವಕಾಶವಾದದ್ದು ಮೊದಲ ಸುತ್ತು ಮುಗಿದ ಮೇಲೆ, ಉಳಿದ ತಂಡಗಳ ಆಟಗಾರರಿಗೆ ಮಾತ್ರ. ಫೈನಲ್ಸ್ ಆಡಿದವರು ಮೂರು ತಿಂಗಳಿಗೂ ಹೆಚ್ಚು ಕಾಲ ಆ ಆವರಣ ಬಿಟ್ಟು ಕದಲಲಿಲ್ಲ. ಆತಂಕ, ಖಿನ್ನತೆ ತಮ್ಮನ್ನು ಕಾಡಿತೆಂದು ಪಾಲ್ ಜಾರ್ಜ್ ಬಹಿರಂಗವಾಗಿ ಹೇಳಿಕೊಂಡರು. ಪ್ರತ್ಯೇಕವಾಸ ಮುಗಿಸಿ ಒಳಬಂದ ಆಟಗಾರರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ ಎಂಬುದು ಈ ಶಿಸ್ತಿನ ಫಲ. ದೇಶದಲ್ಲಿ ಸಾಮಾನ್ಯರಿಗೆ ಪರೀಕ್ಷೆ ಸಿಗದಿರುವಾಗ ಆಟಗಾರರಿಗೆ ದಿನಾ ಪರೀಕ್ಷೆಯೇ ಎಂಬ ಆಕ್ಷೇಪ ಮಾತ್ರ ತೂಕದ್ದು. ಯೇಲ್ ವಿಶ್ವವಿದ್ಯಾಲಯದವರು ರೂಪಿಸಿದ ಅಗ್ಗದ ಎಂಜಲು ಪರೀಕ್ಷೆಗೆ ಲೀಗ್ ಹಣ ನೀಡಿದ್ದು ಅದಕ್ಕೆ ಒಂದಿಷ್ಟು ಉತ್ತರ, ಪೂರ್ತಿ ಉತ್ತರವಲ್ಲ. ಆದರೆ ಆ ಆಕ್ಷೇಪ ಲೀಗನ್ನು ನಡೆಸಿದವರಿಗೆ ತಟ್ಟಬೇಕಾದದ್ದು, ಆಡಿ ಗೆದ್ದವರಿಗಲ್ಲ.

ಇದೆಲ್ಲದರ ನಡುವೆ ಆಗಸ್ಟ್ 23ರಂದು ವಿಸ್ಕಾನ್ಸಿನ್‌ನ ಕೆನೋಶಾದಲ್ಲಿ ಜೇಕಬ್ ಬ್ಲೇಕ್ ಎಂಬ ಕಪ್ಪು ಯುವಕನ ಬೆನ್ನಿಗೆ ಪೊಲೀಸನೊಬ್ಬ ಗುಂಡು ಹಾರಿಸಿದ. ಕೆನೋಶಾ ಇರುವುದು ಮಿಲ್ವಾಕಿಗೆ ಹತ್ತಿರದಲ್ಲೇ. 26ರಂದು ಬಕ್ಸ್ ಆಟಗಾರರು ಒರ್ಲ್ಯಾಂಡೊ ವಿರುದ್ಧದ ಪಂದ್ಯಕ್ಕೆ ಅಂಗಣಕ್ಕೆ ಇಳಿಯಲೇ ಇಲ್ಲ. ಆ ದಿನದ ಉಳಿದ ಪಂದ್ಯಗಳೂ ನಿಂತವು. ಋತುವನ್ನೇ ಬಿಟ್ಟು ಮನೆಗೆ ಹೋಗಬೇಕೆ ಎಂದು ರಾತ್ರಿ ಎಲ್ಲ ತಂಡದವರೂ ಸಭೆ ಸೇರಿ ವಾದಿಸಿದರು. ಕೊನೆಗೆ, ಕ್ರೀಡಾಂಗಣಗಳನ್ನು ಚುನಾವಣೆಗೆ ಮತಗಟ್ಟೆಗಳಾಗಿ ಬಿಟ್ಟುಕೊಡುವುದೂ ಸೇರಿದಂತೆ ಕೆಲವು ಬೇಡಿಕೆಗಳಿಗೆ ಲೀಗಿನ ಒಪ್ಪಿಗೆ ಪಡೆದು 29ರಂದು ಆಟಕ್ಕೆ ಮರಳಿದರು. ಮರುದಿನ ಜಮಾಲ್ ಮರ್ರಿ ಎರಡನೇ ಸಲ 50 ಅಂಕ ಹೊಡೆದದ್ದು ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಮತ್ತು ಬ್ರಿಯೊನಾ ಟೇಲರ್ ಅವರ ಮುಖ ಬರೆಸಿದ್ದ ಶೂ ತೊಟ್ಟು. ಪಂದ್ಯ ಮುಗಿದು ಟಿವಿಯವರು ಮೈಕ್ ಹಿಡಿದಾಗ ಅವರಿಗೆ ಮಾತು ಹೊರಡಲಿಲ್ಲ, ಅಂಗಣದಲ್ಲೇ ಕಣ್ಣೀರಿಟ್ಟರು. ಇಂಥ ಒತ್ತಡ ಬೇರೆ ಯಾವ ಋತುವಿನ ಆಟಗಾರರ ಎದೆಯ ಮೇಲೆ ಕೂತಿತ್ತು? ಜನರ ಕೂಗಾಟದ ಒತ್ತಡ ಇರಲಿಲ್ಲ ಎನ್ನುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಈ ತಾತ್ಸಾರದ ಬೇರು ಇರುವುದು ನಮ್ಮಲ್ಲಿ, ನೋಡುವವರಲ್ಲಿ ಎಂದು ನನಗೆ ಖಚಿತವಾಗಿದೆ. ಸಾಮಾನ್ಯ ವರ್ಷಗಳಲ್ಲಿ ನಾವು ಕೂಗಿದ್ದರಿಂದ ತಂಡ ಗೆದ್ದಿತು ಎಂದು ನಂಬಿಕೊಂಡಿರುತ್ತೇವೆ. ಗೆಲುವಿನಲ್ಲಿ ನಮಗೂ ಒಂದು ಪಾಲು ಇದೆ ಎಂಬುದು ಅಭಿಮಾನದ ಮೂಲ ಸುಖ. 2020 ಆ ಪಾಲನ್ನು ಕೊಡಲಿಲ್ಲ. ನಾವು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು, ಅವರು ನಮ್ಮ ಹಂಗಿಲ್ಲದೆ ಆಡಿ ಮುಗಿಸಿದರು. ಅಂಗಣದ ಸುತ್ತ ನಿಲ್ಲಿಸಿದ್ದ ದೊಡ್ಡ ಪರದೆಗಳ ಮೇಲೆ ಕೆಲವು ನೂರು ಅಭಿಮಾನಿಗಳ ಮುಖ ಮಾತ್ರ ಮಿಣುಕುತ್ತಿತ್ತು. ಪ್ರೇಕ್ಷಕನಿಲ್ಲದೆಯೂ ಆಟ ಆಟವೇ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಕಂಡದ್ದು ನಮ್ಮ ಹಮ್ಮಿಗೆ ಪೆಟ್ಟು ಕೊಟ್ಟಿತು. ಆ ಪೆಟ್ಟಿನ ಸೇಡನ್ನು ನಾವು ಲೆಬ್ರಾನ್ ಮೇಲೆ, ಅವರ ಜೊತೆಗಾರ ಆಂಟನಿ ಡೇವಿಸ್ ಮೇಲೆ ತೀರಿಸಿಕೊಳ್ಳುತ್ತಿದ್ದೇವೆ. ಡೆನ್ವರ್ ವಿರುದ್ಧದ ಎರಡನೇ ಪಂದ್ಯದಲ್ಲಿ ಲೇಕರ್ಸ್ ಒಂದು ಅಂಕ ಹಿಂದಿದ್ದು ಎರಡು ಸೆಕೆಂಡು ಉಳಿದಿದ್ದಾಗ ಡೇವಿಸ್ ಯೊಕಿಚ್‌ನ ಚಾಚಿದ ಕೈ ಮೇಲಿಂದ ಎಸೆದ ತ್ರೀ ಪಾಯಿಂಟರ್ ಬುಟ್ಟಿಗೆ ಬಿದ್ದಾಗ ಇಪ್ಪತ್ತು ಸಾವಿರ ಜನ ಎದ್ದು ಕುಣಿದಿದ್ದರೆ ಆ ದೃಶ್ಯವನ್ನು ಇವತ್ತಿಗೂ ಎದೆಗೊತ್ತಿಕೊಳ್ಳುತ್ತಿದ್ದೆವು. ಚೆಂಡು ಹೋದ ದಾರಿ, ಯೊಕಿಚ್‌ನ ಕೈ, ಗಡಿಯಾರದ ಮುಳ್ಳು ಯಾವುದೂ ಆಗ ಬದಲಾಗುತ್ತಿರಲಿಲ್ಲ.

ವಿಶ್ರಾಂತಿಯ ಲೆಕ್ಕ ಇಡುವವರಿಗೆ ಇನ್ನೊಂದು ಮಾತು. 2020ರ ಅಕ್ಟೋಬರ್ 11ಕ್ಕೆ ಫೈನಲ್ಸ್ ಮುಗಿಯಿತು, ಡಿಸೆಂಬರ್ 22ಕ್ಕೆ ಮುಂದಿನ ಋತು ಶುರುವಾಯಿತು. ಲೇಕರ್ಸ್‌ಗೂ ಮಯಾಮಿಗೂ ಸಿಕ್ಕಿದ ಬಿಡುವು ಎರಡೂಕಾಲು ತಿಂಗಳಿಗೂ ಒಂದಷ್ಟು ಹೆಚ್ಚು. ಮರುವರ್ಷ ಡೇವಿಸ್, ಲೆಬ್ರಾನ್ ಇಬ್ಬರೂ ಗಾಯಗೊಂಡು ತಿಂಗಳುಗಟ್ಟಲೆ ಹೊರಗೆ ಕೂತರು, ತಂಡ ಮೊದಲ ಸುತ್ತಿನಲ್ಲೇ ಬಿತ್ತು. ಬಿಡುವು ಹೆಚ್ಚಾಗಿದ್ದಕ್ಕೆ ಪಟ್ಟದ ಬೆಲೆ ಇಳಿಸಿದವರು ಬಿಡುವು ಕಡಿಮೆಯಾಗಿದ್ದಕ್ಕೆ ಆ ಸೋಲಿಗೆ ರಿಯಾಯಿತಿ ಕೊಡಲಿಲ್ಲ. ಬದಲಿಗೆ ಸೋಲನ್ನೇ ಸಾಕ್ಷಿಯಾಗಿ ಹಿಡಿದು ಹಿಂದಿನ ಗೆಲುವು ಸುಳ್ಳೆಂದರು.

ಈ ಮಾತಿನಿಂದ ಗಾಯವಾಗುವುದು ಗೆದ್ದವರಿಗಷ್ಟೇ ಅಲ್ಲ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುತ್ತದೆ. ಪಟ್ಟ ಖೋಟಾ ಆದರೆ ಅದಕ್ಕಾಗಿ ಹೋರಾಡಿ ಸೋತವರ ಹೋರಾಟವೂ ಖೋಟಾ ಆಗಬೇಕಲ್ಲವೆ? ಫೈನಲ್ಸ್‌ನ ಮೊದಲ ಪಂದ್ಯದಲ್ಲೇ ಮಯಾಮಿಯ ಇಬ್ಬರು ಮುಖ್ಯ ಆಟಗಾರರು ನೆಲ ಕಚ್ಚಿದರು. ಬ್ಯಾಮ್ ಅಡೆಬಾಯೊ ಎರಡು ಪಂದ್ಯ ತಪ್ಪಿಸಿಕೊಂಡರು, ಗೋರಾನ್ ಡ್ರಾಗಿಚ್‌ಗೆ ಅಂಗಾಲಿನ ತಂತು ಹರಿಯಿತು. ಜಿಮ್ಮಿ ಬಟ್ಲರ್ ಬಹುಮಟ್ಟಿಗೆ ಒಬ್ಬರೇ ಸರಣಿಯನ್ನು ಹೊತ್ತರು. ಮೂರನೇ ಪಂದ್ಯದಲ್ಲಿ 40 ಅಂಕ. ಐದನೆಯದರಲ್ಲಿ 48 ನಿಮಿಷದ ಪೈಕಿ 47 ನಿಮಿಷ ಅಂಗಣದಲ್ಲಿದ್ದು 35 ಅಂಕ, 12 ರೀಬೌಂಡ್, 11 ಅಸಿಸ್ಟ್. ಎದುರಿಗೆ ಲೆಬ್ರಾನ್ 40 ಅಂಕ ಹೊಡೆದಿದ್ದರು. 17 ಸೆಕೆಂಡೂ ಉಳಿದಿರಲಿಲ್ಲ, ಮಯಾಮಿ ಒಂದು ಅಂಕ ಹಿಂದೆ. ಫೌಲ್ ಆದಾಗ ಬಟ್ಲರ್ ಅಂಗಣದ ಅಂಚಿನ ಜಾಹೀರಾತು ಫಲಕದ ಮೇಲೆ ತಲೆ ಚೆಲ್ಲಿ ಬಾಗಿ ನಿಂತರು, ಉಸಿರು ಸಿಗುತ್ತಿರಲಿಲ್ಲ. ಆಮೇಲೆ ಗೆರೆಯ ಬಳಿಗೆ ನಡೆದು ಎರಡೂ ಫ್ರೀ ಥ್ರೋ ಹಾಕಿದರು. ಮಯಾಮಿ 111-108ರಿಂದ ಗೆದ್ದು ಸರಣಿಯನ್ನು ಇನ್ನೊಂದು ದಿನ ಜೀವಂತ ಇಟ್ಟಿತು. ಮುಂದಿನ ಪಂದ್ಯದ ಮಧ್ಯಂತರಕ್ಕೆ ಲೇಕರ್ಸ್ 64-36ರಿಂದ ಮುಂದಿತ್ತು, ಫಲಿತಾಂಶ ಎಲ್ಲರಿಗೂ ಗೊತ್ತಾಗಿತ್ತು. ಆ ಪಂದ್ಯಕ್ಕೆ ಡ್ರಾಗಿಚ್ ಗಾಯಗೊಂಡ ಪಾದದಲ್ಲೇ ಇಳಿದಿದ್ದರು. ಮಿಕ್ಕಿ ಮೌಸ್ ಉಂಗುರಕ್ಕಾಗಿ 34 ವರ್ಷದ ಆಟಗಾರ ಹರಿದ ಅಂಗಾಲಿನ ಮೇಲೆ ಭಾರ ಹಾಕಿ ಓಡುವುದಿಲ್ಲ. ಅದನ್ನು ಖೋಟಾ ಎನ್ನುವವರು ಆ ಮಾತನ್ನು ಬಟ್ಲರ್ ಎದುರು, ಡ್ರಾಗಿಚ್ ಎದುರು ಹೇಳಲಿ, ಅವರ ಉತ್ತರ ಕೇಳಿಸಿಕೊಳ್ಳಲಿ.